ಡಿಸಿಷನ್ ಟು ಗೋ, ಹ್ಯಾಬಿಟ್ ಆಫ್ ಗೋಯಿಂಗ್: ಇಂಗ್ಲಿಷ್ ನಾಮಪದಕ್ಕೆ ಕ್ರಿಯಾಪದ ಜೋಡಿಸುವುದು ಹೇಗೆ?

ಹೋಗುವ ನಿರ್ಧಾರ, ಹೋಗುವ ಅಭ್ಯಾಸ, ಹೋಗುವ ಸಾಧ್ಯತೆ. ಕನ್ನಡದಲ್ಲಿ ಮೂರಕ್ಕೂ ಒಂದೇ ‘ಹೋಗುವ’ ಸಾಕು. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಕ್ರಿಯಾಪದ ನಾಮಪದದ ಹಿಂದಿನಿಂದ ಬರುತ್ತದೆ, ಅದೂ ಎರಡು ವೇಷದಲ್ಲಿ: ‘ಡಿಸಿಷನ್ ಟು ಗೋ’, ಆದರೆ ‘ಹ್ಯಾಬಿಟ್ ಆಫ್ ಗೋಯಿಂಗ್’, ‘ಪಾಸಿಬಿಲಿಟಿ ಆಫ್ ಗೋಯಿಂಗ್’. ಯಾವುದಕ್ಕೆ ಯಾವ ವೇಷ ಎಂಬುದನ್ನು ಕನ್ನಡದ ಅರ್ಥದಿಂದ ಊಹಿಸಲು ಹೊರಟರೆ ಎಡವುತ್ತೇವೆ. ಸುಳಿವು ಆ ಇಂಗ್ಲಿಷ್ ನಾಮಪದ ಹುಟ್ಟಿದ ಮೂಲದಲ್ಲಿದೆ.

ಮೊದಲ ಹೆಜ್ಜೆ: ನಾಮಪದದ ಒಳಗಿರುವ ಕ್ರಿಯಾಪದವನ್ನು ಹುಡುಕಿ

‘ಡಿಸಿಷನ್’ ಹುಟ್ಟಿದ್ದು ‘ಡಿಸೈಡ್’ನಿಂದ. ‘ಶೀ ಡಿಸೈಡೆಡ್ ಟು ಲೀವ್’ ಎನ್ನುತ್ತೇವೆ, ಆದ್ದರಿಂದ ‘ಹರ್ ಡಿಸಿಷನ್ ಟು ಲೀವ್’. ರೆಫ್ಯೂಸ್–ರೆಫ್ಯೂಸಲ್, ಅಗ್ರೀ–ಅಗ್ರಿಮೆಂಟ್, ಥ್ರೆಟನ್–ಥ್ರೆಟ್ ಜೋಡಿಗಳೂ ಹೀಗೆಯೇ. ಪ್ಲಾನ್, ಪ್ರಾಮಿಸ್, ಅಟೆಂಪ್ಟ್, ಆಫರ್ ಪದಗಳಲ್ಲಂತೂ ಕ್ರಿಯಾಪದಕ್ಕೂ ನಾಮಪದಕ್ಕೂ ರೂಪ ಒಂದೇ. ಮೂಲ ಕ್ರಿಯಾಪದ ‘ಟು’ ಕೇಳದಿದ್ದರೆ ನಾಮಪದವೂ ಕೇಳುವುದಿಲ್ಲ. ‘ಸಕ್ಸೀಡ್’ ಜೊತೆ ‘ಇನ್’ ಬರುತ್ತದೆ, ಹಾಗಾಗಿ ‘ಸಕ್ಸೆಸ್ ಇನ್ ಫೈಂಡಿಂಗ್ ಎ ಜಾಬ್’. ‘ಸಕ್ಸೆಸ್ ಟು ಫೈಂಡ್’ ತಪ್ಪು.

‘ಫೇಲ್ಯೂರ್’ ಬಗ್ಗೆ ಒಂದು ಎಚ್ಚರಿಕೆ. ‘ಹಿಸ್ ಫೇಲ್ಯೂರ್ ಟು ರಿಪ್ಲೈ’ ಎಂದರೆ ಅವನು ಪ್ರಯತ್ನಿಸಿ ಸೋತ ಎಂದೇನಲ್ಲ, ಉತ್ತರಿಸಲಿಲ್ಲ ಎಂದಷ್ಟೇ. ಬಿಲ್ಲು, ನೋಟಿಸುಗಳಲ್ಲಿ ಕಾಣುವ ‘ಫೇಲ್ಯೂರ್ ಟು ಪೇ’ ಕೂಡ ‘ಹಣ ಕಟ್ಟದೇ ಇರುವುದು’ ಎಂಬ ಅರ್ಥದ್ದೇ.

ಈ ಸೂತ್ರಕ್ಕೆ ಸಿಗದ ಪದಗಳಲ್ಲಿ ಮುಖ್ಯವಾದದ್ದು ‘ಹೋಪ್’. ಕ್ರಿಯಾಪದವಾಗಿ ‘ಐ ಹೋಪ್ ಟು ವಿನ್’ ಸರಿ, ನಾಮಪದವಾದಾಗ ‘ಮೈ ಹೋಪ್ ಆಫ್ ವಿನಿಂಗ್’. ‘ಪ್ರಿಫರ್ ಟು’ ಇದ್ದರೂ ‘ಪ್ರಿಫರೆನ್ಸ್’ಗೆ ‘ಫಾರ್’ ಬೇಕು. ‘ಇಂಟೆನ್ಷನ್’ಗೆ ‘ಟು’, ‘ಆಫ್’ ಎರಡೂ ಒಗ್ಗುತ್ತವೆ, ಆದರೆ ‘ಹ್ಯಾವ್ ನೋ ಇಂಟೆನ್ಷನ್’ ಬಂದಾಗ ಮುಂದೆ ‘ಆಫ್ ಗೋಯಿಂಗ್’ ಎನ್ನುವುದೇ ರೂಢಿ.

ಎರಡನೆಯ ಹೆಜ್ಜೆ: ಮೂಲ ವಿಶೇಷಣವಾಗಿದ್ದರೆ, ಅದು ಯಾರನ್ನು ಬಣ್ಣಿಸುತ್ತದೆ ಎಂದು ಕೇಳಿ

ಅತಿ ಹೆಚ್ಚು ತಪ್ಪು ಬೀಳುವುದು ಇಲ್ಲಿಯೇ. ‘ಏಬಲ್ ಟು’ ಇದ್ದಂತೆ ‘ಎಬಿಲಿಟಿ ಟು’ ಆಗುತ್ತದೆ. ಹಾಗಾದರೆ ‘ಪಾಸಿಬಲ್ ಟು’ ಇರುವಾಗ ‘ಪಾಸಿಬಿಲಿಟಿ ಟು’ ಏಕಾಗಬಾರದು?

ವ್ಯತ್ಯಾಸ ಇದು. ಏಬಲ್, ವಿಲ್ಲಿಂಗ್, ಈಗರ್, ರಿಲಕ್ಟಂಟ್ ಪದಗಳು ಮನುಷ್ಯನ ಶಕ್ತಿಯನ್ನೋ ಮನಸ್ಸನ್ನೋ ಹೇಳುತ್ತವೆ. ಇವುಗಳಿಂದ ಹುಟ್ಟಿದ ಎಬಿಲಿಟಿ, ವಿಲ್ಲಿಂಗ್‌ನೆಸ್, ಈಗರ್‌ನೆಸ್, ರಿಲಕ್ಟನ್ಸ್ ‘ಟು’ವನ್ನು ಉಳಿಸಿಕೊಳ್ಳುತ್ತವೆ. ಪಾಸಿಬಲ್, ಡಿಫಿಕಲ್ಟ್, ಇಂಪಾರ್ಟೆಂಟ್ ಪದಗಳು ಬಣ್ಣಿಸುವುದು ಕೆಲಸವನ್ನು. ಇವು ನಾಮಪದವಾದಾಗ ‘ಟು’ ಕಳಚಿಕೊಳ್ಳುತ್ತದೆ: ಪಾಸಿಬಿಲಿಟಿ ಆಫ್ ಲೂಸಿಂಗ್, ಡಿಫಿಕಲ್ಟಿ ಇನ್ ಬ್ರೀದಿಂಗ್, ಇಂಪಾರ್ಟೆನ್ಸ್ ಆಫ್ ರೀಡಿಂಗ್. ‘ಅಫ್ರೈಡ್ ಟು ಸ್ಪೀಕ್’ ಇದ್ದರೂ ‘ಫಿಯರ್ ಆಫ್ ಸ್ಪೀಕಿಂಗ್’ ಎನ್ನಬೇಕಾದಂಥ ಅಪವಾದಗಳಿವೆ. ಆದರೂ ಈ ಒಂದು ಪ್ರಶ್ನೆ ಹೆಚ್ಚಿನ ಗೊಂದಲವನ್ನು ಬಿಡಿಸುತ್ತದೆ.

ಮೂರನೆಯ ಹೆಜ್ಜೆ: ಮೂಲವೇ ಕಾಣದಿದ್ದರೆ

ಇನ್ನೂ ಆಗಬೇಕಾದ ಕೆಲಸದತ್ತ ಕೈ ತೋರುವ ನಾಮಪದಗಳು ಸಾಮಾನ್ಯವಾಗಿ ‘ಟು’ ಕೇಳುತ್ತವೆ: ಆಪರ್ಚುನಿಟಿ, ಪರ್ಮಿಷನ್, ರೈಟ್, ಡ್ಯೂಟಿ, ಕರೇಜ್, ಟೈಮ್, ನೀಡ್. ನಡೆದುಬಂದದ್ದನ್ನು ಹೇಳುವ ಹ್ಯಾಬಿಟ್, ಮೆಮೊರಿ, ಎಕ್ಸ್‌ಪೀರಿಯನ್ಸ್ ಪದಗಳಿಗೂ, ಕೆಲಸವನ್ನು ಅಳೆದು ತೂಗುವ ರಿಸ್ಕ್, ಡೇಂಜರ್, ಅಡ್ವಾಂಟೇಜ್ ಪದಗಳಿಗೂ ‘ಆಫ್’ ಮತ್ತು ‘ಇಂಗ್’ ಬೇಕು. ‘ಇಂಟರೆಸ್ಟ್’ಗೆ ‘ಇನ್’: ‘ಇಂಟರೆಸ್ಟ್ ಇನ್ ಲರ್ನಿಂಗ್’. ನಮ್ಮಲ್ಲಿ ಸದಾ ಕೇಳಿಬರುವ ‘ಇಂಟರೆಸ್ಟ್ ಟು ಲರ್ನ್’ ಅಲ್ಲ.

‘ಚಾನ್ಸ್’ ಎರಡೂ ಕಡೆ ನಿಲ್ಲುತ್ತದೆ, ಅರ್ಥ ಮಾತ್ರ ಬದಲಾಗುತ್ತದೆ. ‘ಎ ಚಾನ್ಸ್ ಟು ವಿನ್’ ಎಂದರೆ ಗೆಲ್ಲಲು ಸಿಕ್ಕ ಅವಕಾಶ. ‘ಎ ಚಾನ್ಸ್ ಆಫ್ ವಿನಿಂಗ್’ ಎಂದರೆ ಗೆಲ್ಲುವ ಸಂಭವ.

ಇನ್ನೊಂದು ಸಾಮಾನ್ಯ ತಪ್ಪು ‘ಹೋಗುವುದಕ್ಕೆ’ ಎಂಬುದರ ‘ಕ್ಕೆ’ಯನ್ನು ‘ಫಾರ್’ ಮಾಡುವುದು. ‘ಪರ್ಮಿಷನ್ ಫಾರ್ ಗೋಯಿಂಗ್’ ಬೇಡ, ‘ಪರ್ಮಿಷನ್ ಟು ಗೋ’ ಸಾಕು. ‘ಫಾರ್’ ಜೊತೆ ‘ಇಂಗ್’ ಸಲ್ಲುವುದು ವಸ್ತುವಿನ ಉಪಯೋಗ ಹೇಳುವಾಗ: ‘ಎ ಮಷೀನ್ ಫಾರ್ ಕಟಿಂಗ್ ಪೇಪರ್’.

ನಾಲ್ಕನೆಯ ಹೆಜ್ಜೆ: ಖಾಲಿ ಜಾಗವನ್ನು ಗುರುತಿಸಿ

‘ಎ ಬುಕ್ ಟು ರೀಡ್’ ಬೇರೆಯೇ ಜಾತಿ. ನಿರ್ಧಾರದೊಳಗೆ ಹೋಗುವ ಕ್ರಿಯೆ ಇರುವ ಹಾಗೆ ಪುಸ್ತಕದೊಳಗೆ ಓದುವ ಕ್ರಿಯೆ ಇಲ್ಲ. ಇಲ್ಲಿ ಪುಸ್ತಕವೇ ‘ರೀಡ್’ನ ಕರ್ಮ. ಆ ಕರ್ಮ ಮುಂದೆ ಹೋಗಿ ಕೂತಿರುವುದರಿಂದ ಹಿಂದಿನ ಜಾಗವನ್ನು ಖಾಲಿಯೇ ಬಿಡಬೇಕು. ‘ಎ ಬುಕ್ ಟು ರೀಡ್ ಇಟ್’ ಎಂದರೆ ಒಂದೇ ಕರ್ಮವನ್ನು ಎರಡು ಸಲ ಹೇಳಿದಂತೆ.

ಖಾಲಿ ಜಾಗ ‘ಆನ್’, ‘ವಿತ್’, ‘ಇನ್’ ಥರದ ಪುಟ್ಟ ಪದದ ನಂತರ ಬಂದರೆ ಆ ಪದವನ್ನು ಬಿಡುವಂತಿಲ್ಲ. ಕನ್ನಡದ ‘ಕೂರಲು ಕುರ್ಚಿ’, ‘ಬರೆಯಲು ಪೆನ್ನು’ ಎಂಬಲ್ಲಿ ‘ಮೇಲೆ’, ‘ಇಂದ’ ಕಾಣುವುದಿಲ್ಲ, ಹಾಗಾಗಿ ನಾವು ಇಂಗ್ಲಿಷಿನಲ್ಲೂ ನುಂಗಿಬಿಡುತ್ತೇವೆ. ಮೊದಲು ಪೂರ್ತಿ ವಾಕ್ಯ ಕಟ್ಟಿ ನೋಡಿ. ‘ಸಿಟ್ ಆನ್ ದಿ ಚೇರ್’ ಎನ್ನಬೇಕಲ್ಲವೇ? ಹಾಗಾದರೆ ‘ಎ ಚೇರ್ ಟು ಸಿಟ್ ಆನ್’. ‘ರೈಟ್ ವಿತ್ ಎ ಪೆನ್’, ಹಾಗಾಗಿ ‘ಎ ಪೆನ್ ಟು ರೈಟ್ ವಿತ್’. ಕಾಗದವಾದರೆ ‘ಪೇಪರ್ ಟು ರೈಟ್ ಆನ್’. ‘ಸಂಬಡಿ ಟು ಟಾಕ್ ಟು’ ಎಂಬಲ್ಲಿ ಕೊನೆಯ ‘ಟು’ ಹೆಚ್ಚಾದಂತೆ ಕಿವಿಗೆ ಕೇಳಿಸಿದರೂ ಎರಡೂ ಬೇಕು. ಒಂದು ಕ್ರಿಯಾಪದದ್ದು, ಇನ್ನೊಂದು ನಾವು ಯಾರೊಡನೆ ಮಾತಾಡುತ್ತೇವೋ ಆ ವ್ಯಕ್ತಿಯದ್ದು.

‘ಪ್ಲೇಸ್’ಗೆ ಮಾತ್ರ ಸಡಿಲಿಕೆ ಇದೆ: ‘ಎ ಹೌಸ್ ಟು ಲಿವ್ ಇನ್’, ಆದರೆ ‘ಎ ಪ್ಲೇಸ್ ಟು ಲಿವ್’ ಎಂದರೂ ನಡೆಯುತ್ತದೆ. ಇದೇ ಬಗೆಯ ‘ನಥಿಂಗ್ ಟು ಡೂ’ ಎಂದರೆ ಮಾಡಲು ಕೆಲಸವಿಲ್ಲ, ಬೇಸರ. ‘ನಥಿಂಗ್ ಟು ಬಿ ಡನ್’ ಎಂದರೆ ಇನ್ನು ಉಪಾಯವಿಲ್ಲ. ರೋಗಿಯ ಮನೆಯವರೊಡನೆ ಮಾತಾಡುವಾಗ ಈ ಎರಡನ್ನು ಅದಲುಬದಲು ಮಾಡಬಾರದು.

ಐದನೆಯ ಹೆಜ್ಜೆ: ಮಾಡುವವರು ಯಾರು, ಮಾಡದವರು ಯಾರು

‘ಹರ್ ಪ್ರಾಮಿಸ್ ಟು ಕಮ್’ ಎಂದರೆ ಬರುವವಳು ಅವಳೇ. ‘ಹರ್ ಇನ್ವಿಟೇಷನ್ ಟು ಕಮ್’ ಎಂದರೆ ಬರಬೇಕಾದವರು ಬೇರೆಯವರು. ಆರ್ಡರ್, ರಿಕ್ವೆಸ್ಟ್, ಅಡ್ವೈಸ್ ಪದಗಳೂ ಕೆಲಸವನ್ನು ಹೀಗೆ ಇನ್ನೊಬ್ಬರಿಗೆ ದಾಟಿಸುತ್ತವೆ. ಮಾಡುವವರನ್ನು ಬಾಯಿಬಿಟ್ಟು ಹೇಳಬೇಕಾದರೆ ‘ಫಾರ್’ ಹಾಕಿ: ‘ಟೈಮ್ ಫಾರ್ ದಿ ಚಿಲ್ಡ್ರನ್ ಟು ಸ್ಲೀಪ್’. ‘ನಾಟ್’ ಬೇಕಿದ್ದರೆ ‘ಟು’ಗಿಂತ ಮೊದಲು ಇಡಿ: ‘ದಿ ಡಿಸಿಷನ್ ನಾಟ್ ಟು ಗೋ’.

ಫಸ್ಟ್, ಲಾಸ್ಟ್, ಓನ್ಲಿ ಪದಗಳ ಜೊತೆ ಯಾವ ನಾಮಪದವಾದರೂ ‘ಟು’ ತೆಗೆದುಕೊಳ್ಳುತ್ತದೆ. ನೀಲ್ ಆರ್ಮ್‌ಸ್ಟ್ರಾಂಗ್ 1969ರಲ್ಲಿ ‘ದಿ ಫಸ್ಟ್ ಪರ್ಸನ್ ಟು ವಾಕ್ ಆನ್ ದಿ ಮೂನ್’, ಮೇರಿ ಕ್ಯೂರಿ 1903ರಲ್ಲಿ ‘ದಿ ಫಸ್ಟ್ ವುಮನ್ ಟು ವಿನ್ ಎ ನೊಬೆಲ್ ಪ್ರೈಜ್’. ನಡೆದುಹೋದ ಸಂಗತಿಗೂ ಇಲ್ಲಿ ‘ಟು’ ಸಲ್ಲುತ್ತದೆ ಎಂಬುದನ್ನು ಗಮನಿಸಿ.

ಕೊನೆಯ ಪರೀಕ್ಷೆ: ಈ ‘ಟು’ ನಿಜವಾಗಿಯೂ ಅದೇನಾ?

‘ಆಬ್ಜೆಕ್ಷನ್ ಟು ಪೇಯಿಂಗ್’, ‘ಆಲ್ಟರ್ನೇಟಿವ್ ಟು ಡ್ರೈವಿಂಗ್’ ಎಂಬಲ್ಲಿ ‘ಟು’ ಇದ್ದರೂ ಮುಂದೆ ‘ಇಂಗ್’ ಬಂದಿದೆ. ಕ್ರಿಯೆಯ ಜಾಗದಲ್ಲಿ ‘ಇಟ್’ ಇಟ್ಟು ನೋಡಿ. ‘ಆಬ್ಜೆಕ್ಷನ್ ಟು ಇಟ್’ ಕೂಡುತ್ತದೆ, ಆದ್ದರಿಂದ ‘ಇಂಗ್’ ಬೇಕು. ‘ಡಿಸಿಷನ್ ಟು ಇಟ್’ ಕೂಡುವುದಿಲ್ಲ, ಆದ್ದರಿಂದ ಬರಿಯ ಕ್ರಿಯಾಪದ.

ಮಾತಾಡುವಾಗ ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. ‘ಐ ಹ್ಯಾವ್ ಆರ್ಡರ್ಸ್ ಟು ಫಾಲೋ’ ಎಂಬಲ್ಲಿ ‘ಆರ್ಡರ್ಸ್’ ಒತ್ತಿದರೆ ನಾನು ಪಾಲಿಸಬೇಕಾದ ಆದೇಶಗಳಿವೆ ಎಂದು ಅರ್ಥ. ‘ಫಾಲೋ’ ಒತ್ತಿದರೆ ಹಿಂಬಾಲಿಸಬೇಕೆಂದು ನನಗೆ ಆದೇಶವಾಗಿದೆ ಎಂದರ್ಥ. ಬರಹದಲ್ಲಿ ಒತ್ತು ಕಾಣುವುದಿಲ್ಲವಾದ್ದರಿಂದ ಎರಡನೆಯ ಅರ್ಥಕ್ಕೆ ‘ಆರ್ಡರ್ಸ್ ಟು ಫಾಲೋ ಹಿಮ್’ ಎಂದು ಕರ್ಮವನ್ನು ಸೇರಿಸಿಯೇ ಬರೆಯಿರಿ.