ಸಭೆಯ ಸೇವೆಗೆ ನಾವು ಸರದಿ ಹಾಕಿಕೊಂಡ ಬಗೆ

ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸಂಬಳವಿಲ್ಲದೆ ದುಡಿಯುವವರ ಹುರುಪು ಆರಿಹೋದರೆ ಭಕ್ತಿ ಕಡಿಮೆಯಾಯಿತು ಅನ್ನುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಬಹಳ ಸಲ ಕಾರಣ ಇಷ್ಟೇ: ಕೆಲಸಕ್ಕೆ ಕೊನೆಯ ದಿನವೇ ಇರುವುದಿಲ್ಲ. ಭಾನುವಾರ ಶಾಲೆಯ ಹಾಜರಿ ಪುಸ್ತಕ ಒಮ್ಮೆ ಕೈಗೆ ಬಂದರೆ ತಲೆ ನರೆಯುವ ತನಕ ಅದು ನಿಮ್ಮದೇ.

ಸತ್ಯವೇದದಲ್ಲಿ (ಬೈಬಲಿನಲ್ಲಿ) ಹಾಗಿಲ್ಲ. ಪೂರ್ವಕಾಲವೃತ್ತಾಂತದ ಮೊದಲ ಭಾಗದಲ್ಲಿ ಯಾಜಕರಿಗೆ 24 ವರ್ಗ, ಒಬ್ಬರ ನಂತರ ಒಬ್ಬರು. ಅರಣ್ಯಕಾಂಡದ 8ನೇ ಅಧ್ಯಾಯದಲ್ಲಿ ದೇವರ ಗುಡಾರದ ಸೇವೆ ಮಾಡುವ ಲೇವಿಯರಿಗೆ 50ನೇ ವಯಸ್ಸಿಗೆ ದುಡಿಮೆಯಿಂದ ಬಿಡುಗಡೆ, ಆಮೇಲೆ ಜೊತೆಯವರಿಗೆ ನೆರವಾದರೆ ಸಾಕು. ಲೂಕನ ಸುವಾರ್ತೆಯ ಯಾಜಕ ಜಕರೀಯನೂ ಸರದಿಯ ದಿನಗಳು ತೀರಿದ ಮೇಲೆ ಮನೆಗೆ ಹೋದ.

ಹಾಗಾಗಿ ನಾವು ಯಾರನ್ನೂ ಆರು ತಿಂಗಳಿಗಿಂತ ಹೆಚ್ಚು ಕೇಳುವುದಿಲ್ಲ. ‘ಸೇವೆಗೆ ಯಾರಾದರೂ ಮುಂದೆ ಬನ್ನಿ’ ಎಂದು ಸಭೆಯ ಪಾಲಕರಾದ ಅಯ್ಯನವರು ಪ್ರಕಟಣೆಯಲ್ಲಿ ಹೇಳಿದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ಒಬ್ಬೊಬ್ಬರನ್ನೇ ಕಂಡು ‘ಅಕ್ಕಾ, ಜೂನ್‌ನಿಂದ ನವೆಂಬರ್‌, ತಿಂಗಳಿಗೆ ಒಂದೇ ಭಾನುವಾರ, ಬೆಳಿಗ್ಗೆ ಏಳೂವರೆಗೆ ಬಂದು ಕಪ್ ಜೋಡಿಸಬೇಕು’ ಎಂದು ಕೇಳಬೇಕು. ಅಳತೆ ಗೊತ್ತಾದರೆ ಒಪ್ಪುವುದು ಸುಲಭ, ಬೇಡ ಅನ್ನುವುದೂ ಸುಲಭ.

ಗುಂಪು ನಾಲ್ಕು, ಭಾನುವಾರಕ್ಕೊಂದು. ಐದನೇ ಭಾನುವಾರ ಬಂದರೆ ಯುವಜನರದ್ದು. ಇಲ್ಲೊಂದು ತೊಡಕಿದೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ ತಿಂಗಳ ಮೊದಲ ಭಾನುವಾರ ಇದ್ದರೆ ಭಾರವೆಲ್ಲ ಒಂದೇ ಗುಂಪಿನ ಹೆಗಲಿಗೆ ಬೀಳುತ್ತದೆ. ಮೂರು ತಿಂಗಳಿಗೊಮ್ಮೆ ಗುಂಪುಗಳನ್ನು ಒಂದು ಸ್ಥಾನ ಸರಿಸಿದರೆ ವರ್ಷದಲ್ಲಿ ಎಲ್ಲ ಗುಂಪಿಗೂ ಸಮ. 120 ಕಪ್‌ಗೆ, ಕಪ್‌ಗೆ 10 ಮಿಲಿಲೀಟರ್ ಹಿಡಿದರೆ ಒಂದು ಲೀಟರ್ ಇನ್ನೂರು, ಚೆಲ್ಲುವುದೂ ಸೇರಿ ಒಂದೂವರೆ ಲೀಟರ್ ದ್ರಾಕ್ಷಾರಸ ಇರಲಿ. ಮುಗಿದ ಕೂಡಲೇ ಕಪ್‌ಗಳು ಬಿಸಿನೀರಿನ ಬಕೆಟ್‌ಗೆ ಹೋಗಬೇಕು. ಮಾತಾಡುತ್ತ ನಿಂತರೆ ತಳದಲ್ಲಿ ಸಕ್ಕರೆ ಅಂಟುತ್ತದೆ, ಇರುವೆ ಹತ್ತುತ್ತದೆ, ತೊಳೆಯುವವರ ಮುಖ ಗಂಟಾಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಅಡುಗೆಮನೆಯಲ್ಲಿ ನಡೆಯುತ್ತದೆ. ಚಹಾದವರು ಅಯ್ಯನವರ ಪ್ರಸಂಗ ಕೇಳುವುದೇ ಇಲ್ಲ. ತಿಂಗಳುಗಟ್ಟಲೆ ಒಂದು ಆರಾಧನೆಯಲ್ಲೂ ಪೂರ್ತಿ ಕೂರದವರಿಗೆ ಹುರುಪು ಎಲ್ಲಿಂದ ಬರಬೇಕು? 120 ಜನಕ್ಕೆ ಹತ್ತು ಲೀಟರ್ ಚಹಾ ಸಾಕು. ಎಂಟೂವರೆಯ ಆರಾಧನೆಗೆ ಕಾಲು ಗಂಟೆ ಮುಂಚೆಯೇ ಕಾಯಿಸಿ ಬಿಸಿ ಆರದ ಕ್ಯಾನ್‌ಗಳಿಗೆ ತುಂಬಿ, ಒಲೆ ಆರಿಸಿ ಒಳಗೆ ಬನ್ನಿ. ರುಚಿ ಸ್ವಲ್ಪ ಇಳಿಯುತ್ತದೆ, ನಿಜ. ಗೊಣಗುವವರು ಮುಂದಿನ ಸರದಿಗೆ ಹೆಸರು ಕೊಡಲಿ. ಮನಸ್ಸು ಒಣಗಿದೆ ಎಂದು ಯಾರಾದರೂ ಬಂದರೆ ನಾನು ಮೊದಲು ಕೇಳುವುದೂ ಇದನ್ನೇ: ಕಳೆದ ನಾಲ್ಕು ವಾರದಲ್ಲಿ ಎಷ್ಟು ಸಲ ಪೂರ್ತಿ ಕೂತಿರಿ?

ಹಣದ ಮಾತು. ಸಂಬಳವಿಲ್ಲ ಅಂದರೆ ಕೈಯಿಂದ ಹಾಕಬೇಕು ಅಂತಲ್ಲ. ಭಾನುವಾರ ಶಾಲೆಯ ಚಾರ್ಟು, ಬಣ್ಣ, ಹಾಲು, ಸಕ್ಕರೆ ಎಲ್ಲದಕ್ಕೂ ಚೀಟಿ ಕೊಟ್ಟರೆ ಖಜಾಂಚಿ ಅದೇ ವಾರ ಹಣ ಕೊಡಬೇಕು. ಕೇಳಲು ನಾಚಿ ಸುಮ್ಮನಿರುವವರೇ ಮೊದಲು ಬಿಟ್ಟುಹೋಗುವವರು. ಕಾಣಿಕೆ ಎಣಿಕೆಗೆ ಒಂದೇ ಮನೆಯವರಲ್ಲದ ಇಬ್ಬರು ಬೇಕು, ಎರಡು ಸಲ ಎಣಿಸಿ ಅಲ್ಲೇ ಸಹಿ. ಅದು ಅಪನಂಬಿಕೆಯಲ್ಲ, ಎಣಿಸುವವರಿಗೇ ಕಾವಲು.

ಕೊನೆಯ ತಿಂಗಳು ಹೊಸಬರು ಮಾಡಬೇಕು, ಹಳಬರು ಪಕ್ಕದಲ್ಲಿ ಕೈಕಟ್ಟಿ ನಿಲ್ಲಬೇಕು. ಬೀಗದ ಕೈ ಎಲ್ಲಿ, ಗ್ಯಾಸ್ ಯಾರಿಗೆ ಹೇಳಬೇಕು, ಮೈಕಿನ ಯಾವ ವೈರು ಸಡಿಲ ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ.