ಎಚ್275ವೈ ಪತ್ತೆ: ಪುಣೆಯ ಲ್ಯಾಬಿನಲ್ಲಿ ನನ್ನ ಅನುಭವ

ಕೊನೆಗೂ ಆಯಿತು. ಒಸೆಲ್ಟಾಮಿವಿರ್ ಅನ್ನುವ ಫ್ಲೂ ಔಷಧಿಗೆ ಬಗ್ಗದಂತೆ ಮಾಡುವ ಎಚ್275ವೈ ಬದಲಾವಣೆ ಇರುವ ಹಂದಿಜ್ವರದ ವೈರಸ್ಸನ್ನು ನಮ್ಮ ಹಳೇ ರಿಯಲ್‌ಟೈಮ್ ಪಿಸಿಆರ್ ಮಷೀನಿನಲ್ಲೇ ಒಂದು ಮಧ್ಯಾಹ್ನದೊಳಗೆ ಹಿಡಿಯುತ್ತಿದ್ದೇನೆ. ಜೀನಿನ ಅಕ್ಷರಗಳನ್ನು ಓದಿಸುವ ಸೀಕ್ವೆನ್ಸಿಂಗ್‌ಗೆ ಕಳಿಸಿ ವಾರಗಟ್ಟಲೆ ಕಾಯಬೇಕಿಲ್ಲ. "ಆಗಲ್ಲ ಬಿಡಿ ಸರ್, ಸುಮ್ನೆ ದುಡ್ಡು ದಂಡ" ಅಂದವರು ಲ್ಯಾಬಿನಲ್ಲೇ ನಾಲ್ಕು ಜನ ಇದ್ದರು. ಅವರಲ್ಲಿ ಇಬ್ಬರು ಈಗ ನನ್ನ ಪ್ರೈಮರ್ (ಜೀನಿಗೆ ಅಂಟಿ ನಕಲು ಶುರುಮಾಡಿಸುವ ಪುಟ್ಟ ಡಿಎನ್ಎ ತುಂಡು) ಕೇಳುತ್ತಿದ್ದಾರೆ.

ನಾನು ಧಾರವಾಡದವನು. 2009ರ ಆಗಸ್ಟ್‌ನಲ್ಲಿ ಹಂದಿಜ್ವರದಿಂದ ದೇಶದ ಮೊದಲ ಸಾವು ಇದೇ ಪುಣೆಯಲ್ಲಾದಾಗ ನಾನು ಇಲ್ಲಿ ಹೊಸಬ. ಊರಿಂದ ಅಮ್ಮ ದಿನಾ ಫೋನ್ ಮಾಡಿ "ವಾಪಸ್ ಬಂದುಬಿಡಪ್ಪಾ" ಅನ್ನುತ್ತಿದ್ದಳು. ಆ ವೈರಸ್‌ಗೆ ಅಮಾಂಟಡಿನ್ ಅನ್ನುವ ಹಳೆಯ ಫ್ಲೂ ಔಷಧಿ ಮೊದಲಿನಿಂದಲೂ ನಾಟುತ್ತಿರಲಿಲ್ಲ. ಕೈಯಲ್ಲಿದ್ದದ್ದು ಒಸೆಲ್ಟಾಮಿವಿರ್. ಅದೂ ಕೈಕೊಟ್ಟರೆ ಅನ್ನುವ ಭಯ ಆಗಲೇ ಹೊಕ್ಕಿತ್ತು. ಹಂದಿಜ್ವರಕ್ಕೂ ಮುಂಚೆ ಹರಡುತ್ತಿದ್ದ ಹಳೆಯ ಸೀಸನಲ್ ಫ್ಲೂ ವೈರಸ್ ಎಚ್1ಎನ್1 ಆಗಲೇ ಹಾಗೆ ಮಾಡಿತ್ತಲ್ಲ. 2007-08ರ ಚಳಿಗಾಲದಲ್ಲಿ ನಾರ್ವೆಯಲ್ಲಿ ಸುದ್ದಿಯಾಗಿ, ಮುಂದಿನ ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಕಡೆ ಆ ಔಷಧಿಯನ್ನು ಮೂಲೆಗೆ ತಳ್ಳಿತ್ತು. ವೈರಸ್ಸಿನ ಎನ್ಎ (ನ್ಯೂರಾಮಿನಿಡೇಸ್) ಜೀನಿನ 823ನೇ ಜಾಗದಲ್ಲಿ ಸಿ ಹೋಗಿ ಟಿ ಬಂದರೆ ಸಾಕು, ಪ್ರೋಟೀನಿನ 275ನೇ ಅಮೈನೋ ಆಮ್ಲ ಎಚ್ ಇದ್ದದ್ದು ವೈ ಆಗುತ್ತದೆ, ಅದೇ ಎಚ್275ವೈ. ಒಂದೇ ಒಂದು ಅಕ್ಷರ.

ಆ ಅಕ್ಷರದ ಮೇಲೇ ಪ್ರೈಮರಿನ ತುದಿ ನಿಲ್ಲಿಸಿದೆ. ಮೊದಲ ಜೋಡಿ ಪೂರ್ತಿ ಸೋತಿತು. ಮಾಮೂಲಿ ವೈರಸ್‌ಗೆ ಅದರದ್ದೇ ಪ್ರೈಮರ್ ಹಾಕಿದರೆ ಸಿಟಿ (ಎಷ್ಟನೇ ಸೈಕಲ್‌ಗೆ ಸಿಗ್ನಲ್ ಏಳುತ್ತದೆ ಅನ್ನುವ ಲೆಕ್ಕ) 24, ಮ್ಯುಟೆಂಟ್ ಪ್ರೈಮರ್ ಹಾಕಿದರೂ 26. ಎರಡು ಸೈಕಲ್ ಅಂತರ ಇಟ್ಟುಕೊಂಡು ಯಾರಿಗೆ ರಿಪೋರ್ಟ್ ಕೊಡಲಿ? ಮ್ಯುಟೆಂಟ್ ಪ್ರೈಮರಿನ ತುದಿ ಮಾಮೂಲಿ ಜೀನಿನ ಮೇಲೆ ಕೂತಾಗ, ಒಂದು ಕಡೆಯಿಂದ ಹೋದರೆ ಟಿ-ಜಿ, ಇನ್ನೊಂದು ಕಡೆಯಿಂದ ಎ-ಸಿ ಅನ್ನುವ ತಪ್ಪು ಜೋಡಿ. ಎರಡೂ ಸಡಿಲ ತಪ್ಪುಗಳು, ನಕಲು ಮಾಡುವ ಕಿಣ್ವ ಪಾಲಿಮರೇಸ್ ಆರಾಮಾಗಿ ದಾಟಿಬಿಡುತ್ತದೆ. ಹಾಗಾಗಿ ತುದಿಯ ಹತ್ತಿರ ಬೇಕಂತಲೇ ಇನ್ನೊಂದು ತಪ್ಪು ಅಕ್ಷರ ಸೇರಿಸಿದೆ, ಈ ಸಲ ಗಟ್ಟಿ ತಪ್ಪು. ಅಂತರ ಹತ್ತು-ಹನ್ನೊಂದು ಸೈಕಲ್‌ಗೆ ಏರಿತು. ಯಾವ ಜಾಗ, ಯಾವ ಅಕ್ಷರ ಅಂತ ಮಾತ್ರ ಇಲ್ಲಿ ಬರೆಯಲ್ಲ. ಆರು ತಿಂಗಳ ದುಡಿಮೆ ಅದು.

ಬೇಕಾದ ತುಂಡಿಗೆ ಮಾತ್ರ ಅಂಟಿ ಹೊಳೆಯುವ ಪ್ರೋಬ್ ತರಿಸಲು ಹದಿನೈದು ಸಾವಿರದ ಮೇಲೆ ಕೇಳಿದರು. ಅಷ್ಟಿರಲಿಲ್ಲ. ಯಾವ ಜೋಡಿ ಡಿಎನ್ಎಗಾದರೂ ಅಂಟಿ ಹೊಳೆಯುವ ಬಣ್ಣ ಸೈಬರ್ ಗ್ರೀನ್‌ನಲ್ಲೇ ಮಾಡಿದೆ. ಬಗ್ಗದ ವೈರಸ್ ನಮ್ಮಲ್ಲಿರಲಿಲ್ಲ, ಬೆಳೆಸುವ ಮನಸ್ಸೂ ನನಗಿರಲಿಲ್ಲ. ಕಂಟ್ರೋಲ್‌ಗೆಂದು ಆ ತುಂಡು ಜೀನನ್ನು ಸಿಂಥೆಟಿಕ್ ಆಗಿ ತರಿಸಿದೆ, ಸುಮಾರು ಒಂಬತ್ತು ಸಾವಿರ, ನನ್ನದೇ ಜೇಬಿನಿಂದ. ಅದೇ ನನ್ನನ್ನು ಮುಳುಗಿಸಿದ್ದು. ಮಾಸ್ಟರ್ ಮಿಕ್ಸ್ (ಎಲ್ಲ ಟೆಸ್ಟ್‌ಗಳಿಗೂ ಹಂಚುವ ಮಿಶ್ರಣ) ಮಾಡುವ ಹುಡ್‌ನಲ್ಲೇ ಆ ಟ್ಯೂಬ್ ತೆರೆದಿದ್ದೆ. ಮರುದಿನದಿಂದ ಎಲ್ಲ ಸ್ಯಾಂಪಲ್‌ಗಳೂ ರೆಸಿಸ್ಟೆಂಟ್! ಒಂದು ಗಂಟೆ ಕೈಕಾಲು ಆಡಲಿಲ್ಲ. ಆಮೇಲೆ ನೋಡಿದರೆ ಸ್ಯಾಂಪಲ್ ಇಲ್ಲದೆ ಬರೀ ನೀರು ಹಾಕಿದ ಪ್ಲೇಟಿನ ಗುಳಿಯೂ 33ನೇ ಸೈಕಲ್‌ಗೆ ಎದ್ದಿತ್ತು, ಅಂದರೆ ನನ್ನ ಕಂಟ್ರೋಲೇ ಎಲ್ಲ ಕಡೆ ಸೇರಿಕೊಂಡಿತ್ತು. ಎರಡು ವಾರ ಬ್ಲೀಚ್, ಯುವಿ, ಹೊಸ ಟಿಪ್‌ಗಳು. ಇಪ್ಪತ್ತು ಸಾವಿರದಷ್ಟು ಕಿಟ್ ಚರಂಡಿಗೆ ಹೋಯಿತು.

ಅದರಿಂದಲೇ ಒಂದು ಒಳ್ಳೆಯ ಉಪಾಯ ಹೊಳೆಯಿತು. ಎರಡನೇ ಸಲ ಕಂಟ್ರೋಲ್ ತರಿಸುವಾಗ ಪ್ರೈಮರ್‌ಗಳ ನಡುವೆ ನಲವತ್ತರಷ್ಟು ಅಕ್ಷರ ಜಾಸ್ತಿ ತುರುಕಿಸಿದೆ. ಈಗ ಅದು ಎಲ್ಲಿ ನುಸುಳಿದರೂ ಮೆಲ್ಟ್ ಕರ್ವ್‌ನಲ್ಲಿ (ಡಿಎನ್ಎ ಎಷ್ಟು ಬಿಸಿಗೆ ಬಿಡಿಸಿಕೊಳ್ಳುತ್ತದೆ ಅನ್ನುವ ಗೆರೆಯಲ್ಲಿ) ಬೇರೆ ಜಾಗದಲ್ಲಿ ಗುಡ್ಡ ಏಳುತ್ತದೆ. ಇದನ್ನು ಯಾರು ಬೇಕಾದರೂ ಬಳಸಿಕೊಳ್ಳಿ.

ಇನ್ನೊಂದು ಏಟು ವೈರಸ್ಸಿನಿಂದಲೇ ಬಿತ್ತು. ಒಂದು ಮಳೆಗಾಲದ ಸ್ಯಾಂಪಲ್‌ಗಳು ತಡವಾಗಿ ಏಳುತ್ತಿದ್ದವು. ನನ್ನ ಪ್ರೈಮರ್‌ಗಳು 2009ರ ಸೀಕ್ವೆನ್ಸ್ ನೋಡಿ ಬರೆದವು. ಹೊಸ ಸೀಕ್ವೆನ್ಸ್‌ಗಳನ್ನು ಸಾಲಾಗಿ ಜೋಡಿಸಿ ನೋಡಿದಾಗ, ನನ್ನ ಎರಡನೇ ಪ್ರೈಮರ್ ಕೂತಿದ್ದ ಜಾಗದಲ್ಲೇ 241ನೇ ಅಮೈನೋ ಆಮ್ಲ ವಿ ಇದ್ದದ್ದು ಐ ಆಗಿತ್ತು. ನನಗೆ ಮೈ ಜುಮ್ಮೆಂದಿತು. ಎಚ್275ವೈ ಬಂದರೆ ವೈರಸ್ ಸೊರಗುತ್ತದೆ ಅಂತ ನಾವೆಲ್ಲ ಧೈರ್ಯವಾಗಿದ್ದೆವು. ಆ ಸೊರಗನ್ನು ತುಂಬಿಕೊಡುವುದು ಇದೇ 241 ಮತ್ತು 369ರ ಬದಲಾವಣೆಗಳು. 2011ರಲ್ಲಿ ಆಸ್ಟ್ರೇಲಿಯಾದ ನ್ಯೂಕಾಸಲ್ ಸುತ್ತ ಔಷಧಿ ಮುಟ್ಟದವರಲ್ಲೂ ಹರಡಿದ ವೈರಸ್‌ಗಳಲ್ಲಿ ಇವೆರಡೂ ಇದ್ದವು. ಪ್ರೈಮರನ್ನು ಆಚೆ ಸರಿಸಿದೆ, ಸಿಟಿ ಸರಿಹೋಯಿತು. ನನ್ನ ನಿದ್ದೆ ಮಾತ್ರ ಅಷ್ಟು ಬೇಗ ಸರಿಹೋಗಲಿಲ್ಲ.

ಆಮೇಲೆ ಬೆರಕೆ ಮಾಡಿ ನೋಡಿದೆ. ಮಾಮೂಲಿ ಜೀನಿನಲ್ಲಿ ಮ್ಯುಟೆಂಟ್ ನೂರಕ್ಕೆ ಐವತ್ತು, ಹತ್ತು, ಐದು. ನೂರಕ್ಕೆ ಐದರವರೆಗೆ ಸಲೀಸಾಗಿ ಸಿಗುತ್ತದೆ. ಮಾಮೂಲಿ ಸ್ಯಾಂಗರ್ ಸೀಕ್ವೆನ್ಸಿಂಗ್‌ನಲ್ಲಿ ನೂರಕ್ಕೆ ಸುಮಾರು ಇಪ್ಪತ್ತರ ಕೆಳಗಿನದು ಗದ್ದಲದಲ್ಲಿ ಕಳೆದುಹೋಗುತ್ತದೆ.

ಹೋದ ಮಳೆಗಾಲದಲ್ಲಿ ಒಬ್ಬ ಪೇಷಂಟ್‌ದು ಎರಡು ಸ್ವಾಬ್ ಬಂದವು, ಮೊದಲ ದಿನದ್ದು, ಒಂಬತ್ತನೇ ದಿನದ್ದು. ಮೈಯ ರೋಗನಿರೋಧಕ ಶಕ್ತಿ ತಗ್ಗಿದ್ದವರು, ಒಸೆಲ್ಟಾಮಿವಿರ್ ನಡೆಯುತ್ತಲೇ ಇತ್ತು. ಮೊದಲನೆಯದರಲ್ಲಿ ಮ್ಯುಟೆಂಟ್ ಏನೂ ಇಲ್ಲ. ಎರಡನೆಯದರಲ್ಲಿ ಮೂರನೇ ಒಂದು ಪಾಲು ಮ್ಯುಟೆಂಟ್. ಮೂರು ಸಲ ಓಡಿಸಿ, ಮೆಲ್ಟ್ ನೋಡಿ, ಆಮೇಲೆ ಡಾಕ್ಟರ್‌ಗೆ ಫೋನ್ ಮಾಡಿದೆ. ಅವರು ಅದೇ ಸಂಜೆ ಜನಾಮಿವಿರ್ ಅನ್ನುವ ಇನ್ನೊಂದು ಫ್ಲೂ ಔಷಧಿಗೆ ಬದಲಿಸಿದರು. ಈ ಮ್ಯುಟೇಶನ್ ಇದ್ದರೂ ಆ ಔಷಧಿ ಕೆಲಸ ಮಾಡುತ್ತದೆ. ಎಂಟು ದಿನದ ಮೇಲೆ ಸೀಕ್ವೆನ್ಸಿಂಗ್ ರಿಪೋರ್ಟ್ ಬಂತು. 823ರಲ್ಲಿ ಸಿ, ಟಿ ಎರಡೂ ಗುಡ್ಡಗಳು ಒಂದರ ಮೇಲೊಂದು. ಆ ಕಾಗದವನ್ನು ಮಷೀನಿನ ಪಕ್ಕ ಅಂಟಿಸಿದ್ದೇನೆ.

ಈಗ ಬಲೋಕ್ಸಾವಿರ್ ಅನ್ನುವ ಮತ್ತೊಂದು ಫ್ಲೂ ಔಷಧಿಗೆ ವೈರಸ್ ಬಗ್ಗದಂತೆ ಮಾಡುವ, ಪಿಎ ಅನ್ನುವ ಜೀನಿನ ಐ38ಟಿ ಬದಲಾವಣೆಗೆ ಇದೇ ದಾರಿ ಹಿಡಿದಿದ್ದೇನೆ. ಮೊದಲ ಜೋಡಿ ಮೊನ್ನೆ ಬಂತು. ಅಂತರ ಬರೀ ಮೂರು ಸೈಕಲ್.