ಮಾಲ್ಡೀವ್ಸ್ ಮೇಲಿನ ಹೊಗೆ ಎಲ್ಲಿಂದ ಬಂತು? ನೀವೇ ಪತ್ತೆ ಮಾಡೋದು ಹೀಗೆ

ಜನವರಿ-ಫೆಬ್ರವರಿಯಲ್ಲಿ ಮಾಲ್ಡೀವ್ಸ್ ಕಡೆ ಆಕಾಶ ಮಬ್ಬಾಗಿರೋ ಸ್ಯಾಟಲೈಟ್ ಫೋಟೋ ನೋಡಿ 'ಸಮುದ್ರದ ಮಂಜು' ಅಂತ ಸುಮ್ಮನಾಗೋರೇ ಜಾಸ್ತಿ. ಅದರಲ್ಲಿ ಬಹುಪಾಲು ನಮ್ಮ ಉಪಖಂಡದಿಂದ ಈಶಾನ್ಯದ ಗಾಳಿ ಹೊತ್ತೊಯ್ದ ಹೊಗೆ-ಧೂಳು, 1999ರ ಇಂಡೋಎಕ್ಸ್ (ಹಿಂದೂ ಮಹಾಸಾಗರದ ಮೇಲಿನ ಗಾಳಿ ಪರೀಕ್ಷಿಸಿದ) ಪ್ರಯೋಗದಲ್ಲಿ ವಿಜ್ಞಾನಿಗಳು ವಿಮಾನ, ಹಡಗು ಎಲ್ಲ ಬಳಸಿ ಅಳೆದು ತೋರಿಸಿದ್ದಾರೆ. ಯಾವುದೋ ಒಂದು ದಿನದ ಹೊಗೆಯ ದಾರೀನ ಮನೇಲೇ ಕೂತು ಹುಡುಕಬಹುದು, ದುಡ್ಡೇನೂ ಬೇಡ.

ಮೊದಲು ನಾಸಾದ ವರ್ಲ್ಡ್‌ವ್ಯೂ ಸೈಟಲ್ಲಿ ಏರೋಸಾಲ್ (ಗಾಳಿಯಲ್ಲಿ ತೇಲೋ ಹೊಗೆ-ಧೂಳಿನ ಸಣ್ಣ ಕಣ) ಲೇಯರ್ ಹಾಕಿ ಮಬ್ಬಿರೋ ದಿನ ಆರಿಸ್ಕೊಳ್ಳಿ. ಫೋಟೋದಲ್ಲಿ ನೀರಿನ ಮೇಲೆ ಕಾಣೋ ಬೆಳ್ಳಿ ಪಟ್ಟಿ ಬಿಸಿಲಿನ ಪ್ರತಿಫಲನ, ಹೊಗೆ ಅಲ್ಲ.

ಆಮೇಲೆ ಅಮೆರಿಕದ ಹವಾಮಾನ-ಸಾಗರ ಸಂಸ್ಥೆ ನೋವಾದ (NOAA) ಹೈಸ್ಪ್ಲಿಟ್ (HYSPLIT) ತೆಗೀರಿ. ಗಾಳಿ ಎಲ್ಲಿಂದ ಬಂತು ಅಂತ ಹಿಂದಕ್ಕೆ ಲೆಕ್ಕ ಹಾಕೋ ಮಾಡೆಲ್ ಅದು, ಆ ದಾರೀನ ಮ್ಯಾಪಲ್ಲಿ ಗೆರೆಯಾಗಿ ತೋರಿಸುತ್ತೆ. ಜಾಗ ಮಾಲ್ಡೀವ್ಸ್‌ನ ಹನಿಮಾಧೂ ದ್ವೀಪ ಇಡಿ (ಉತ್ತರ 6.78, ಪೂರ್ವ 73.18), ಅಲ್ಲಿ ವಾತಾವರಣ ಅಳೆಯೋ ಕೇಂದ್ರ ಇದೆ. ದಿಕ್ಕು ಬ್ಯಾಕ್‌ವರ್ಡ್ (ಹಿಂದಕ್ಕೆ), ಅವಧಿ 120 ಗಂಟೆ ಅಂತ ಆರಿಸಿ. ಟೈಮ್ ಯುಟಿಸಿಯಲ್ಲಿ (ಜಾಗತಿಕ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ಕೊಡ್ಬೇಕು, ನಮ್ಮ ಮಧ್ಯಾಹ್ನ 2:30 ಅಂದ್ರೆ ಅಲ್ಲಿ ಬೆಳಗ್ಗೆ 9.

ಈಗ ಎತ್ತರ. ಎಲ್ಲರೂ ಎಡವೋದು ಇಲ್ಲೇ, 10 ಮೀಟರ್ ಅಂತ ಒಂದೇ ಹಾಕಿ ಬಂದ ಗೆರೆ ಹಿಡ್ಕೊಂಡು ತೀರ್ಪು ಕೊಟ್ಬಿಡ್ತಾರೆ. ಹಗಲು ನೆಲ ಕಾದಾಗ ಹೊಗೆ ಒಂದೆರಡು ಕಿಲೋಮೀಟರ್ ಮೇಲಕ್ಕೆ ಕಲಸಿಕೊಂಡು ಹೋಗುತ್ತೆ, ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾದ್ರೂ ಮೇಲಿನ ಪದರ ಹಾಗೇ ಉಳಿದು ಗಾಳಿ ಜೊತೆ ಕರಾವಳಿ ದಾಟುತ್ತೆ. ಸಮುದ್ರದ ಮೇಲೆ ನೀರಿಗೆ ಅಂಟಿಕೊಂಡಿರೋ ತೇವದ ಗಾಳಿಯ ಪದರ ತೆಳ್ಳಗಿರುತ್ತೆ, ಎಷ್ಟೋ ಸಲ ಹೊಗೆ ಅದರ ಮೇಲೇ ಜಾರ್ಕೊಂಡು ಹೋಗುತ್ತೆ, ಕೆಳಗೆ ಅಳೆದ್ರೆ ಗಾಳಿ ಚೆನ್ನಾಗೇ ಕಾಣ್ಬಹುದು. ಕೆಳಗಿನ ಗಾಳಿ ಒಂದು ದಿಕ್ಕಿಂದ, ಮೇಲಿನದು ಇನ್ನೊಂದು ದಿಕ್ಕಿಂದ ಬಂದಿರಬಹುದು. ಅದಕ್ಕೇ 500, 1500, 3000 ಮೀಟರ್ ಮೂರೂ ಒಟ್ಟಿಗೆ ಹಾಕಿ, ಕಮ್ಮಿ ಮಾಡ್ಲೇಬೇಡಿ. ಸ್ಯಾಟಲೈಟಿನ ಆ ಏರೋಸಾಲ್ ಬಣ್ಣ ಕೆಳಗಿಂದ ಮೇಲಿನವರೆಗೆ ಒಟ್ಟು ಎಷ್ಟಿದೆ ಅಂತ ಮಾತ್ರ ಹೇಳುತ್ತೆ, ಯಾವ ಎತ್ತರದಲ್ಲಿ ಅಂತ ಹೇಳಲ್ಲ.

ಒಂದು ಗೆರೇನ ನಂಬಬೇಡಿ, ಟೈಮ್ ಆರು ಗಂಟೆ ಹಿಂದೆ ಮುಂದೆ ಮಾಡಿ ಮತ್ತೆ ರನ್ ಮಾಡಿ, ಗೆರೆಗಳು ಚೆಲ್ಲಾಪಿಲ್ಲಿ ಆದ್ರೆ ಆ ದಿನ ಬಿಟ್ಟು ಬೇರೆ ದಿನ ತಗೊಳ್ಳಿ. ಗೆರೆ ಕರ್ನಾಟಕದ ಮೇಲೆ ಹಾದುಹೋಯ್ತು ಅಂದ ಮಾತ್ರಕ್ಕೆ ಹೊಗೆ ಇಲ್ಲಿದೇ ಅಂತಾಗಲ್ಲ, ಆ ಹೊತ್ತಲ್ಲಿ ಗೆರೆ ಎಷ್ಟು ಎತ್ತರದಲ್ಲಿತ್ತು ಅಂತ ಹೈಸ್ಪ್ಲಿಟ್ ಮ್ಯಾಪಿನ ಕೆಳಗಿರೋ ಗ್ರಾಫ್ ನೋಡಿ, ನೆಲದಿಂದ ಮೂರು ಕಿಲೋಮೀಟರ್ ಮೇಲಿದ್ರೆ ನಮ್ಮ ಲಾರಿ ಹೊಗೆ ಅದಕ್ಕೆ ಸೇರಿರೋದು ಕಷ್ಟ. ವಾಟ್ಸಾಪಲ್ಲಿ ಓಡಾಡೋ ಬಣ್ಣಬಣ್ಣದ ಗಾಳಿ ಮ್ಯಾಪಿನ ಸ್ಕ್ರೀನ್‌ಶಾಟ್ ಈ ಕೆಲಸಕ್ಕೆ ಬರಲ್ಲ, ಅದು ಒಂದು ಕ್ಷಣದ ಗಾಳಿ ಅಷ್ಟೇ.

ಕೊನೇಗೆ ವರ್ಲ್ಡ್‌ವ್ಯೂನಲ್ಲೇ ಬೆಂಕಿ ಚುಕ್ಕೆಗಳ ಲೇಯರ್ ಹಾಕಿ ದಾರಿಗೆ ಹೋಲಿಸಿ, ದಾರೀಲಿ ಮಳೆ ಆಗಿದ್ಯಾ ಅಂತಾನೂ ನೋಡಿ, ಮಳೆ ಕಣಗಳನ್ನ ತೊಳೆದುಬಿಡುತ್ತೆ. ಜೂನ್-ಜುಲೈಯಲ್ಲಿ ಅರಬ್ಬಿ ಸಮುದ್ರದ ಮೇಲೆ ಮಬ್ಬು ಕಂಡ್ರೆ ಮೊದಲು 3000 ಮೀಟರ್ ಗೆರೆ ನೋಡಿ, ಅದು ಹಿಂದಕ್ಕೆ ವಾಯವ್ಯದ ಕಡೆ ಹೋದ್ರೆ ಅರೇಬಿಯಾದ ಮರಳುಗಾಡಿನ ಧೂಳೇ ಇರೋ ಸಾಧ್ಯತೆ ಜಾಸ್ತಿ.